ಯಸಳೂರಿನಿಂದ ಸಿಲ್ಚಾರಿಗೆ ಮೂರೂಕಾಲು ಗಂಟೆ

ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ನಡುವಿನ ದೂರವನ್ನೂ ಹಾರಾಟದ ಹೊತ್ತನ್ನೂ ಹೇಳುವ ಪುಟವೊಂದು ಮೊಬೈಲಿನಲ್ಲಿ ಸಿಗುತ್ತದೆ. ಅದನ್ನು ಮಾಡಿದವನ ಮನೆ ಹಾಳಾಗ. ನಂಬಿದ ನನ್ನದೂ.

ನಾನು ಯಸಳೂರಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ, ಹಾಜರಿ ಬರೆಯುವ ರೈಟರ್. ಅಸ್ಸಾಮಿನ ಸಿಲ್ಚಾರ್ ಕಡೆಯಿಂದ ಬಂದು ನಾಲ್ಕು ವರ್ಷದಿಂದ ನಮ್ಮ ಕೂಲಿಯವರ ಲೈನ್ ಮನೆಯಲ್ಲಿರುವ ಜಮಾಲನ ತಾಯಿ ತೀರಿಕೊಂಡ ಸುದ್ದಿ ಬೆಳಿಗ್ಗೆ ಆರಕ್ಕೆ ಬಂತು. ಅವರಲ್ಲಿ ಹೆಣವನ್ನು ಹೆಚ್ಚು ಹೊತ್ತು ಇಡುವುದಿಲ್ಲ. ಮುಖವನ್ನಾದರೂ ನೋಡಬೇಕೆಂದು ಅವನು ಅಳುತ್ತಿದ್ದ. ನಾನು ಮಂಗಳೂರು, ಸಿಲ್ಚಾರ್ ಎಂದು ಒತ್ತಿದೆ. ಸುಮಾರು ಎರಡು ಸಾವಿರದ ಮುನ್ನೂರು ಕಿಲೋಮೀಟರ್, ಮೂರೂಕಾಲು ಗಂಟೆ. ನಮ್ಮ ಕಡೆ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಕೇಳುವುದಿಲ್ಲ, ಎಷ್ಟು ಗಂಟೆ ದಾರಿ ಎನ್ನುತ್ತಾರೆ. ಗಂಟೆ ಸಿಕ್ಕಿತಲ್ಲ, ಮಿಕ್ಕಿದ್ದನ್ನು ನಾನು ನೋಡಲೇ ಇಲ್ಲ.

"ಸಂಜೆಗೆ ಊರಲ್ಲಿರ್ತೀಯ ಕಣೋ. ಅಲ್ಲೀವರೆಗೂ ಮಣ್ಣು ಮಾಡ್ಬ್ಯಾಡಿ ಅಂತ ನಿನ್ ತಮ್ಮಂಗೆ ಹೇಳ್ಬುಡು" ಎಂದೆ.

"ದಿಟವಾ ಸಾರ್?"

"ಇಲ್ಲೇ ಬರ್ದೈತೆ ನೋಡೋ ಮಾರಾಯ!"

ಅವನು ವಿಮಾನ ಹತ್ತಿದವನಲ್ಲ. ನಾನೂ ಅಲ್ಲ, ಆದರೂ ರೈಟರ್ ಎಂಬ ಜಂಬದಲ್ಲಿ ಜೊತೆಗೆ ಹೊರಟೆ. ಏಳಕ್ಕೆ ಜೀಪು ಬಿಟ್ಟಿತು. ಮಾರನಹಳ್ಳಿಯಲ್ಲಿ ನಾನು ಇಡ್ಲಿ ತಿಂದೆ, ಅವನು ನೀರನ್ನೂ ಮುಟ್ಟಲಿಲ್ಲ. ಘಾಟಿ ಇಳಿದು, ಹನ್ನೊಂದಕ್ಕೆ ಮಂಗಳೂರಿನ ವಿಮಾನ ನಿಲ್ದಾಣದಲ್ಲಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಕೇಳುವ ಹಾಗೆ, ಸಿಲ್ಚಾರಿಗೆ ಮುಂದಿನದು ಎಷ್ಟೊತ್ತಿಗೆ ಎಂದು ಟಿಕೆಟ್ ಕೌಂಟರಿನಲ್ಲಿ ಕೇಳಿದೆ.

"ಇಲ್ಲಿಂದ ಸೀದಾ ವಿಮಾನ ಇಲ್ಲ ಸರ್. ಬೆಂಗಳೂರು, ಕೋಲ್ಕತ್ತ, ಆಮೇಲೆ ಸಿಲ್ಚಾರ್. ನಾಳೆ ಬೆಳಿಗ್ಗೆ ತಲುಪ್ತೀರಿ" ಎಂದಳು ಅಲ್ಲಿದ್ದ ಹುಡುಗಿ.

"ಮೂರೂಕಾಲು ಗಂಟೆ ಅಂತ ಹಾಕವ್ರಲ್ಲ!"

"ಅದು ಮ್ಯಾಪಲ್ಲಿ ಗೆರೆ ಎಳೆದು ಹಾಕಿದ ಲೆಕ್ಕ ಸರ್. ಆ ಗೆರೆ ಮೇಲೆ ಯಾರೂ ಹಾರಲ್ಲ."

ಅವಳ ಮೇಲೆ ರೇಗಾಡಿದೆ. ಪಾಪ, ಅವಳೇನು ಮಾಡಿದ್ದಳು? ಜಮಾಲ್ ಬಾಗಿಲ ಹೊರಗೆ ಹೋಗಿ ಊರಿಗೆ ಫೋನ್ ಮಾಡಿ ಬಂದ.

"ಮಣ್ಣು ಮಾಡಿ ಅಂದೆ ಸಾರ್. ಊರೋರೆಲ್ಲ ಕಾಯ್ತಾ ಕೂತವ್ರಂತೆ." ಫೋನನ್ನು ಜೇಬಿಗೆ ಹಾಕಿಕೊಂಡು, "ಆದ್ರೂ ಹೋಗ್ಬೇಕು" ಎಂದ.

ಮಧ್ಯಾಹ್ನದ ವಿಮಾನ ಮೇಲೆದ್ದು ಪೂರ್ವಕ್ಕೆ ತಿರುಗಿತು. ಬೆಳಿಗ್ಗೆ ಜೀಪಿನಲ್ಲಿ ನಾಲ್ಕು ತಾಸು ಕೂತು ಇಳಿದಿದ್ದ ಬೆಟ್ಟಗಳನ್ನೇ ಕ್ಷಣದಲ್ಲಿ ದಾಟಿ ವಾಪಸು ಹೋಗುತ್ತಿದ್ದೆವು. ಎಸ್ಟೇಟಿನಿಂದ ಬಾಳ್ಳುಪೇಟೆಯ ರಸ್ತೆ ಹಿಡಿದು ಸೀದಾ ಬೆಂಗಳೂರಿಗೇ ಹೋಗಿದ್ದರೆ ಘಾಟಿ ಇಳಿಯುವುದೇ ಬೇಕಿರಲಿಲ್ಲ. ಕೆಳಗೆ ಹಸಿರು ನೋಡಿ ಮೈಯೆಲ್ಲ ಉರಿಯಿತು. ಕೋಲ್ಕತ್ತದಲ್ಲಿ ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತು, ಮರುದಿನ ಒಂಬತ್ತಕ್ಕೆ ಸಿಲ್ಚಾರಿನಲ್ಲಿ ಇಳಿದೆವು. ಅಲ್ಲಿಂದ ಅವನ ಊರಿಗೆ ಇನ್ನೂ ಒಂದೂವರೆ ಗಂಟೆ ಆಟೋ.

ಜಮಾಲನ ತಮ್ಮ ನೇರವಾಗಿ ಗೋರಿಯ ಹತ್ತಿರ ಕರೆದುಕೊಂಡು ಹೋದ. ಒಂದು ಬದಿಯಲ್ಲಿ ಬುಟ್ಟಿಯಷ್ಟು ಮಣ್ಣು ಉಳಿಸಿ, ಮೇಲೆ ಬಾಳೆ ಎಲೆ ಮುಚ್ಚಿದ್ದರು. ಹಿರಿಮಗನ ಪಾಲು. ಜಮಾಲ್ ಮೂರು ಹಿಡಿ ಹಾಕಿದ.

ಆಮೇಲೆ ತಮ್ಮ ನನ್ನ ಕಡೆ ನೋಡಿ ಅವರ ಭಾಷೆಯಲ್ಲಿ ಏನೋ ಹೇಳಿದ. ಬೈಗುಳಕ್ಕೆ ನಾನು ತಯಾರಾಗಿದ್ದೆ.

"ಇಷ್ಟು ದೂರ ಬಂದಿದ್ದೀರ, ನೀವೂ ಒಂದು ಹಿಡಿ ಹಾಕ್ಬೇಕಂತೆ ಸಾರ್" ಎಂದ ಜಮಾಲ್.

ಇಬ್ಬರೂ ಸರಿದು ನನಗೆ ಜಾಗ ಮಾಡಿಕೊಟ್ಟರು. ನನ್ನ ಕೈ ಮೇಲೇಳಲಿಲ್ಲ.