ಡಬ್ಬಿಗೆ ಹಿಡಿಸದ ಹಡಗು

ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಅಂಟಿಸಿ ಹಡಗು, ವಿಮಾನಗಳ ಪುಟ್ಟ ಪ್ರತಿರೂಪ ಕಟ್ಟುವ ಹವ್ಯಾಸಿಗಳಲ್ಲಿ ನಮ್ಮ ಕಾರ್ಖಾನೆಯ ಕಿಟ್‌ಗಳಿಗೆ ಒಂದು ಕಾಲಕ್ಕೆ ಇದ್ದ ಮರ್ಯಾದೆಗೆ ಕಾರಣರಾದವರು, ಅಚ್ಚು ವಿಭಾಗದ ಮುಖ್ಯಸ್ಥರಾಗಿ ಈಗ ನಿವೃತ್ತರಾದ ಈ ಹಿರಿಯರು. ಬೆನ್ನ ಹಿಂದೆ ನಾವೆಲ್ಲ ಅವರನ್ನು ‘ಅಳತೆಯಪ್ಪ’ ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು. ‘ಒಂದು ಕಾಲಕ್ಕೆ’ ಎಂದು ಬೇಕೆಂದೇ ಬರೆದಿದ್ದೇನೆ, ಈ ಅಭಿನಂದನ ಗ್ರಂಥದ ಸಂಪಾದಕರು ದಯವಿಟ್ಟು ಹೊಡೆದುಹಾಕಬಾರದು.

ನಾನು ಜೋಡಣೆ ಪರೀಕ್ಷಿಸುವ ಮೇಜಿನವಳು. ಹೊಸ ಅಚ್ಚಿನಿಂದ ಬಂದ ಮೊದಲ ಭಾಗಗಳನ್ನು ಕೂಡಿಸಿ, ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹಿಂದಕ್ಕೆ ಕಳಿಸುವುದು ನನ್ನ ಕೆಲಸ. “ನಾವು ಬಿಟ್ಟ ಸಂದಿಗೆ ಗಿರಾಕಿ ಪುಟ್ಟಿ ಮೆತ್ತಬೇಕಾ? ನಾಚಿಕೆ ಆಗ್ಬೇಕು ನಮಗೆ,” ಎನ್ನುತ್ತಿದ್ದರು ಅಳತೆಯಪ್ಪನವರು. ನನ್ನ ದೃಷ್ಟಿ ಮಂದವಾಗಿ ಆಡಳಿತದವರು ಪ್ಯಾಕಿಂಗಿಗೆ ದೂಡಲು ಹೊರಟಾಗ, ತಮ್ಮ ಮೇಜಿನ ಭೂತಗನ್ನಡಿಯನ್ನೇ ಕಿತ್ತು ತಂದು ನನ್ನ ಮೇಜಿಗೆ ಬಿಗಿದು, “ಸಂದು ಗೊತ್ತಾಗೋದು ಬೆರಳಿಗೆ. ಇವರ ಬೆರಳಿಗೇನಾಗಿದೆ?” ಎಂದು ಸಭೆಯಲ್ಲಿ ನನ್ನ ಪರವಾಗಿ ನಿಂತವರು ಅವರೊಬ್ಬರೇ.

ಅವರ ಅಣ್ಣ ಹಳೆಯ ಪ್ರಯಾಣಿಕ ಹಡಗೊಂದರಲ್ಲಿ ಕುಲುಮೆಗೆ ಕಲ್ಲಿದ್ದಲು ಹಾಕುತ್ತಿದ್ದವರು. ಹಡಗು ಗುಜರಿಗೆ ಹೋಯಿತು, ಅಣ್ಣ ಹಾಸಿಗೆ ಹಿಡಿದರು. ಅಣ್ಣ ಕಣ್ಣು ಮುಚ್ಚುವ ಮೊದಲು ಆ ಹಡಗನ್ನು ಅವರ ಕೈಗಿಡಬೇಕೆಂಬುದೊಂದೇ ಅಳತೆಯಪ್ಪನವರ ಹಂಬಲ. ಊರೂರು ಅಲೆದು ನಕ್ಷೆ ಕೂಡಿಸಿ, ಅಣ್ಣನ ಮಂಚದ ಪಕ್ಕ ಕೂತು ಒಂದೊಂದು ಬಾಗಿಲನ್ನೂ ಕೇಳಿ ಬರೆದುಕೊಂಡರು. ಹೊಸ ಕಿಟ್‌ಗಾಗಿ ಆ ನಕ್ಷೆ ಮುಗಿದ ಮೇಲೆ ನೋಡಿದರೆ, ಅಂಗಡಿಗಳ ಕಪಾಟಿಗೆಂದು ಆಗಲೇ ಮುದ್ರಣವಾಗಿದ್ದ ಡಬ್ಬಿಗಿಂತ ಹಡಗು ಎರಡು ಬೆರಳು ಉದ್ದ.

“ಎರಡು ಬೆರಳು ತಾನೇ ಸಾರ್, ಯಾರು ನೋಡ್ತಾರೆ?” ಎಂದರು ವ್ಯವಸ್ಥಾಪಕರು.

“ಕಟ್ಟೋನು ನೋಡ್ತಾನೆ.”

ಒಡಲನ್ನು ಎರಡು ತುಂಡಾಗಿ ಅಚ್ಚು ಹಾಕೋಣ, ಸಂದು ಕಾಣದಂತೆ ಕೂಡಿಸುವ ಹೊಣೆ ನನ್ನದು ಎಂದು ಅಳತೆಯಪ್ಪನವರು ಅಂಗಲಾಚಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಣ್ಣನನ್ನು ಆಸ್ಪತ್ರೆಗೆ ಸೇರಿಸಲು ಅವರು ರಜೆ ಹಾಕಿದ ವಾರದಲ್ಲೇ ಆಡಳಿತದವರು ನಕ್ಷೆಯಲ್ಲಿ ಒಡಲಿನ ನಡುವಿನಿಂದ ಎರಡು ಬೆರಳು ಕತ್ತರಿಸಿ ಅಚ್ಚು ಕೊರೆಸಿಬಿಟ್ಟರು. ಡಬ್ಬಿಯ ಮೇಲೆ ‘ನಿಖರ ಪ್ರತಿರೂಪ’ ಎಂದು ಹಾಕಿ, ಕೆಳಗೆ ಅವರ ಹೆಸರನ್ನೂ ಹಾಕಿದರು.

ನಾನು ಕಟ್ಟಿದ ಹಡಗನ್ನು ಅಳತೆಯಪ್ಪನವರು ತಮ್ಮ ಅಣ್ಣನಿಗೆ ಒಯ್ದಾಗ ಜೊತೆಗೆ ನಾನೂ ಹೋಗಿದ್ದೆ. ಅಣ್ಣ ಅದರ ಮೈಮೇಲೆಲ್ಲ ಉಗುರು ಆಡಿಸಿದರು.

“ಜೋಡಣೆ ಚೆನ್ನಾಗಿದೆ ಕಣೋ. ನಾನು ಮಲಗ್ತಿದ್ದ ಕೋಣೆ ಕಿಟಕಿ ಎಲ್ಲಿ?”

ಕುಲುಮೆಯವರ ಕೋಣೆಯ ಆ ದುಂಡು ಕಿಟಕಿ ಕತ್ತರಿಸಿದ ಎರಡು ಬೆರಳಿನಲ್ಲೇ ಹೋಗಿತ್ತು. ನಮ್ಮೆಲ್ಲರ ಪರವಾಗಿ ವಾದಿಸಿದ ಮನುಷ್ಯ ಅಂದು ತಮ್ಮ ಪರವಾಗಿ ವಾದಿಸದೆ ಹಡಗನ್ನು ಅಣ್ಣನ ಕೈಯಿಂದ ಮೆಲ್ಲಗೆ ವಾಪಸು ತೆಗೆದುಕೊಂಡರು.

ಬೀಳ್ಕೊಡುಗೆಯ ದಿನ ಆಡಳಿತದವರು ಅವರಿಗೆ ಕೊಟ್ಟ ನೆನಪಿನ ಕಾಣಿಕೆ, ಗಾಜಿನ ಪೆಟ್ಟಿಗೆಯೊಳಗೆ ಅದೇ ಹಡಗು. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ.

ಈಗ ಅವರ ಮನೆಯ ಊಟದ ಮೇಜಿನ ಮೇಲೆ ಆ ಹಡಗು ಗರಗಸದಿಂದ ಎರಡು ತುಂಡಾಗಿ ಕೂತಿದೆ. ನಡುವಿನ ಎರಡು ಬೆರಳನ್ನು ಅವರು ಪ್ಲಾಸ್ಟಿಕ್ ಹಾಳೆಯಲ್ಲಿ ಪದರ ಪದರವಾಗಿ ಕಟ್ಟುತ್ತಿದ್ದಾರೆ. “ಸಂದು ಬೆರಳಿಗೆ ತಾಗ್ತದಾ ನೋಡಮ್ಮಾ,” ಎಂದು ಮೊನ್ನೆ ಕೇಳಿದರು. ತಾಗುತ್ತಿತ್ತು, ಹಾಗೆಂದೇ ಹೇಳಿದೆ. ಮತ್ತೆ ಬಿಚ್ಚಿದರು. ಒಳಕೋಣೆಯಿಂದ ಅಣ್ಣನ ಕೆಮ್ಮು ನಿಲ್ಲದೆ ಕೇಳಿಸುತ್ತಿತ್ತು.

ಇಂಥ ಗ್ರಂಥಗಳ ಪದ್ಧತಿಯಂತೆ, ಅಳತೆಯಪ್ಪನವರು ನೂರು ವರ್ಷ ಬಾಳಲಿ, ಅವರ ಕೈ ನಡುಗದಿರಲಿ ಎಂದು ಹಾರೈಸುತ್ತೇನೆ. ಅವರ ಅಣ್ಣನವರಿಗಾಗಿ ನಾನು ಅಷ್ಟೆಲ್ಲ ಬೇಡುವುದಿಲ್ಲ. ಆ ಕಿಟಕಿ ಕೊರೆಯುವವರೆಗೆ ಇದ್ದರೆ ಸಾಕು.