ಮೂರು ಸೇರು ಬೂದಿ

ಚೆನ್ನೈನ ಪೇಟೆಂಟ್ ಕಚೇರಿಯ ಹನ್ನೊಂದು ಪುಟದ ವರದಿ ಬಂದ ಬೆಳಿಗ್ಗೆ ಶಿವರತ್ನಮ್ಮ ಕೊಳ್ಳೇಗಾಲದ ತನ್ನ ಮನೆಯ ನಡುಮನೆಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದಳು. ಮೈಸೂರಿನ ಪೇಟೆಂಟ್ ಏಜೆಂಟ್ ಬಸವಕುಮಾರ್ ಅದನ್ನು ಫೋನಿಗೆ ಕಳಿಸಿದ್ದ. ಗಂಡ ರುದ್ರಸ್ವಾಮಿ ಕನ್ನಡಕ ಏರಿಸಿಕೊಂಡು ಅಷ್ಟೂ ಪುಟ ಓದಿದ. ಅರ್ಥವಾದದ್ದು ಅರ್ಧ, ಆದರೆ ಆ ಅರ್ಧವೇ ಸಾಕಾಗಿತ್ತು.

"ಒಸದಲ್ವಂತೆ ಕಣೇ ರತ್ನ."

"ಯಾವ್ದು?"

"ನಿನ್ನ ಬೂದಿ ಪ್ಲಾಸ್ಟಿಕ್ಕು. ಇಪ್ಪತ್ತು ವರ್ಷದ ಇಂದೆನೇ ಬೇರೆ ದೇಶದೋರು ಇದ್ನೇ ಮಾಡವ್ರಂತೆ. ಬೂದಿನೂ ಅಷ್ಟೇ, ಪ್ಲಾಸ್ಟಿಕ್ಕೂ ಅಷ್ಟೇ ಅಂತೆ."

ಅವಳು ಕಾಳು ಹಿತುಕುವುದನ್ನು ನಿಲ್ಲಿಸಲಿಲ್ಲ. ಬೆರಳಿನ ಸಂದಿಯಿಂದ ಬೇಳೆ ಚಿಮ್ಮಿ ಪಾತ್ರೆಗೆ ಬದಲು ಗೋಡೆಗೆ ಬಿತ್ತು, ಅಷ್ಟೇ. ಆದರೆ ಅವಳ ಮಟ್ಟಿಗೆ ಆ ವರದಿ ಯಾರೋ ಇಂಗ್ಲಿಷಿನಲ್ಲಿ, ಮರ್ಯಾದೆಯಿಂದ, ಹನ್ನೊಂದು ಪುಟ ತುಂಬ ಅವಳನ್ನು ಕಳ್ಳಿ ಎಂದು ಬೈದ ಹಾಗಿತ್ತು.

ಅವಳಿಗೇನು ದೊಡ್ಡ ಹೆಸರು ಮಾಡುವ ಹುಚ್ಚಿರಲಿಲ್ಲ. ಈ ಪೇಟೆಂಟಿನ ಉಸಾಬರಿ ಶುರುವಾದದ್ದೇ ಒಬ್ಬ ಹೆಂಗಸಿನ ಕೈಯಿಂದ.

ಮನೆಯ ಹಿಂದೆ ರುದ್ರಸ್ವಾಮಿಯದೊಂದು ಶೆಡ್ಡು. ಹಳೆಯ ಪ್ಲಾಸ್ಟಿಕ್ ಕರಗಿಸಿ ಮಗ್ಗು, ಮೊರ, ರೇಷ್ಮೆಯವರಿಗೆ ಬೇಕಾದ ತಟ್ಟೆ ಮಾಡುವ ಕೆಲಸ. ರೇಷ್ಮೆ ನೂಲು ತೆಗೆಯುವವರು ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ತೂತಿನ ಸೌಟಿನಲ್ಲಿ ಎತ್ತುತ್ತಾರೆ. ಕಬ್ಬಿಣದ ಸೌಟಾದರೆ ತುಕ್ಕಿನ ಕಲೆ ನೂಲಿಗೆ ಹತ್ತುತ್ತದೆ. ಅದಕ್ಕೆಂದು ರುದ್ರಸ್ವಾಮಿ ಪ್ಲಾಸ್ಟಿಕ್ಕಿನ ಸೌಟು ಮಾಡಿ ಕಾಮಗೆರೆಯ ಮುತ್ತಯ್ಯನ ನೂಲಿನ ಮನೆಗೆ ಕೊಟ್ಟಿದ್ದ. ಹದಿನೈದನೇ ದಿನಕ್ಕೆ ಅದರ ಹಿಡಿ ಬಿಸಿಗೆ ಮೆತ್ತಗಾಗಿ ಬಾಗಿತು. ಸೌಟಿನಲ್ಲಿದ್ದ ಕುದಿಯುವ ಗೂಡು, ನೀರು ಎಲ್ಲ ಅಲ್ಲಿ ಕೆಲಸಕ್ಕಿದ್ದ ಚಿಕ್ಕಬಸಮ್ಮನ ಬಲಗೈ ಮೇಲೆ ಬಿತ್ತು.

ಸುದ್ದಿ ತಿಳಿದು ಶಿವರತ್ನಮ್ಮ ಕಾಮಗೆರೆಯ ಆಸ್ಪತ್ರೆಗೆ ಓಡಿದ್ದಳು. ಚಿಕ್ಕಬಸಮ್ಮನ ಕೈಗೆ ಮೊಣಕೈವರೆಗೂ ಬಟ್ಟೆ ಸುತ್ತಿದ್ದರು. "ಗಟ್ಟಿ ಸೌಟು ಮಾಡ್ಕೊಡ್ತೀನಿ ಚಿಕ್ಕಬಸಮ್ಮ, ನನ್ನ ಮಾತು ನಂಬು" ಎಂದಳು ಶಿವರತ್ನಮ್ಮ. ಚಿಕ್ಕಬಸಮ್ಮ ಮುಖ ತಿರುಗಿಸಿಕೊಂಡಳು.

"ನಿಮ್ಮ ಮಾತ ನಂಬಿಯೇ ಇಂಗಾಗಿರದು ಅಮ್ಮಾರೇ. ಇನ್ನು ಸರ್ಕಾರ ಮೊಹರು ಒತ್ತಿ ಬರ್ಕೊಡ್ಲಿ, ಆಗ ಇಡೀತೀನಿ ನಿಮ್ಮ ಸೌಟ."

ಆ ಮಾತು ಶಿವರತ್ನಮ್ಮನ ಎದೆಯಲ್ಲಿ ನಾಟಿತು. ಮೊಹರು ತಂದು ಆ ಹೆಂಗಸಿನ ಮುಂದೆ ಇಡುವವರೆಗೂ ಅವಳಿಗೆ ನೆಮ್ಮದಿಯಿಲ್ಲ ಎಂದಾಯಿತು.

ಬೂದಿಯ ಯೋಚನೆ ಬಂದದ್ದು ತವರಿನಿಂದ. ಅವಳ ತವರು ಯಳಂದೂರು, ತಂದೆ ಸದಾಶಿವಪ್ಪನವರದು ಅಕ್ಕಿ ಗಿರಣಿ. ಗಿರಣಿಯ ಹಿಂದೆ ಸುಟ್ಟ ಹೊಟ್ಟಿನ ಬೂದಿ ಗುಡ್ಡೆಗಟ್ಟಲೆ. ಸದಾಶಿವಪ್ಪನವರು ಅಂಗಡಿಯ ವಿಭೂತಿ ಹಣೆಗೆ ಹಚ್ಚುತ್ತಿರಲಿಲ್ಲ. ಸಗಣಿಯ ಬೂದಿಯನ್ನು ನೀರಿನಲ್ಲಿ ಕದಡಿ, ಒರಟು ತಳಕ್ಕೆ ಇಳಿಯುವಷ್ಟು ಹೊತ್ತು ಬಿಟ್ಟು, ಮೇಲಿನ ಬೂದಿನೀರನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ, ಅದನ್ನು ಏಳು ಸಲ ಮಾಡಿ ಮನೆಯಲ್ಲೇ ವಿಭೂತಿ ಕಟ್ಟುತ್ತಿದ್ದರು. ಮಗಳು ಅದೇ ಉಪಚಾರವನ್ನು ಗಿರಣಿಯ ಬೂದಿಗೆ ಮಾಡಿದಳು. ಆ ನುಣುಪು ಬೂದಿಯನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಗಂಡನ ಮಿಷನ್ನಿಗೆ ಹಾಕಿದಳು. ರುದ್ರಸ್ವಾಮಿ ಮೊದಲು ನಕ್ಕ, ಆಮೇಲೆ ರೇಗಿದ, ಒಂದು ವರ್ಷದ ಮೇಲೆ ಬಾಯಿ ಮುಚ್ಚಿಕೊಂಡ. ಆ ಸೌಟನ್ನು ಇಡೀ ದಿನ ಕುದಿನೀರಿನಲ್ಲಿ ಬಿಟ್ಟರೂ ಹಿಡಿ ನೆಟ್ಟಗೇ ಇತ್ತು. ಮೈಸೂರಿನ ಲ್ಯಾಬಿನವರೂ ಪರೀಕ್ಷೆ ಮಾಡಿ ಹೌದೆಂದು ಬರೆದುಕೊಟ್ಟರು.

ಆಗ ಬಸವಕುಮಾರ್ ಬಂದ. ಕೋಟು ಹಾಕಿಕೊಂಡು ಬಂದಿದ್ದ, ಕೊಳ್ಳೇಗಾಲದ ಬಿಸಿಲಿಗೆ ಪಾಪ, ಹತ್ತು ನಿಮಿಷದಲ್ಲಿ ಬಿಚ್ಚಿ ಮಡಚಿಟ್ಟ. "ಅಮ್ಮ, ಪೇಟೆಂಟ್ ಅಂದರೆ ಒಳ್ಳೆ ಮಾಲು ಅಂತ ಸರ್ಕಾರ ಬರೆದುಕೊಡೋದಲ್ಲ. ಹೊಸದು, ನಿಮ್ಮದು ಅಂತ ಅಷ್ಟೇ" ಎಂದು ತಿಳಿಸಿದ.

"ಮೊಹರಿರ್ತದಲ್ವಾ?"

"ಇರುತ್ತೆ."

"ಸಾಕು ಬುಡಪ್ಪ" ಎಂದಳು ಶಿವರತ್ನಮ್ಮ.

ಅವನು ಲ್ಯಾಪ್‌ಟಾಪ್ ತೆರೆದು ಒಂದೊಂದೇ ಕೇಳುತ್ತ ಹೋದ. ಪ್ಲಾಸ್ಟಿಕ್ ಎಷ್ಟು? ನಾಲ್ಕು ಕೆಜಿ. ಬೂದಿ ಎಷ್ಟು? ಮೂರು ಸೇರು. ಬರೆದುಕೊಂಡ. ಚಿತ್ರಗಳ ಹಾಳೆಯಲ್ಲಿ ಮನೆಯ ಹಿತ್ತಾಳೆ ಸೇರನ್ನೂ ಬರೆಸಬೇಕು ಎಂದು ಅವಳು ಹಟ ಹಿಡಿದಳು. ಕಾರಣವಿಲ್ಲದೆ ಏನಲ್ಲ. ಮೂವತ್ತು ವರ್ಷದ ಹಿಂದೆ ಸೊಸೆಯಾಗಿ ಬಂದ ದಿನ ಹೊಸಿಲಿನ ಮೇಲೆ ಅಕ್ಕಿ ತುಂಬಿಟ್ಟಿದ್ದ ಇದೇ ಸೇರನ್ನು ಬಲಗಾಲಿನಲ್ಲಿ ಒದ್ದು ಅವಳು ಒಳಗೆ ಬಂದಿದ್ದಳು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದ ಪಾತ್ರೆ ಅದು, ತಳದಲ್ಲಿ ತಮಿಳು ಅಕ್ಷರ ಕೊರೆದಿತ್ತು. ಅತ್ತೆ ಇರುವವರೆಗೂ ಅದನ್ನು ಪಡಿ ಎಂದೇ ಕರೆಯುತ್ತಿದ್ದರು. ಬಸವಕುಮಾರ್ ಒಳಗೊಳಗೇ ನಕ್ಕು, ಮುದುಕಮ್ಮನ ಆಸೆ ಎಂದುಕೊಂಡು, ಎರಡನೇ ಚಿತ್ರವಾಗಿ ಅದನ್ನು ಸೇರಿಸಿ ಕೆಳಗೆ 'ಬೂದಿ ಅಳೆಯುವ ಪಾತ್ರೆ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದ.

ಈಗ ವರದಿಗೆ ಉತ್ತರ ಕೊಡಲು ಆರು ತಿಂಗಳ ಗಡುವು. ಬಸವಕುಮಾರ್ ಮತ್ತೆ ಬಂದ, ಈ ಸಲ ಕೋಟಿಲ್ಲದೆ. ಪರೀಕ್ಷಕರು ತೋರಿಸಿದ ಹಳೆಯ ದಾಖಲೆಯಲ್ಲಿ ಬೂದಿ ನೂರಕ್ಕೆ ನಲವತ್ತು ಪಾಲು. ಅವನು ಬರೆದ ಅರ್ಜಿಯಲ್ಲಿ ನಲವತ್ತೊಂದು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು. "ಒಂದು ಸಲ ಮಾಡಿ ತೋರಿಸಿ ಅಮ್ಮ, ಏನಾದರೂ ಹೊಳೆಯುತ್ತೇನೋ" ಎಂದ.

ಶಿವರತ್ನಮ್ಮ ಪ್ಲಾಸ್ಟಿಕ್ಕನ್ನು ತಕ್ಕಡಿಗೆ ಹಾಕಿದಳು. ಆಮೇಲೆ ಹಿತ್ತಾಳೆ ಸೇರು ತೆಗೆದುಕೊಂಡು ಬೂದಿ ತುಂಬಿ, ಮೇಲೆ ಕೈಯಾಡಿಸಿ ಸಮ ಮಾಡಿ ಸುರಿದಳು. ಒಂದು. ಎರಡು. ಬಸವಕುಮಾರ್ ಎದ್ದು ನಿಂತ.

"ಅಮ್ಮ, ಬೂದಿ ತೂಗಲ್ವಾ?"

"ಬೂದಿನ ಯಾರಪ್ಪ ತೂಗ್ತಾರೆ? ಸೇರಲ್ಲಿ ಅಳೀತಾರೆ."

"ಸೇರು ಅಂದರೆ ತೂಕ ಅಲ್ವಾ? ಒಂಬೈನೂರ ಮೂವತ್ತಮೂರು ಗ್ರಾಂ? ನಿಘಂಟಿನಲ್ಲಿ ಹಾಗೇ ಇದೆ. ನಾನು ಹಾಗೇ ಲೆಕ್ಕ ಹಾಕಿ ಕಳಿಸಿದ್ದು!"

ರುದ್ರಸ್ವಾಮಿ ಒಂದು ಸೇರು ಬೂದಿ ತುಂಬಿ ತಕ್ಕಡಿಗೆ ಸುರಿದ. ಇನ್ನೂರ ಅರವತ್ತು ಗ್ರಾಂ. ಮೂರು ಸೇರಿಗೆ ಏಳುನೂರ ಎಂಬತ್ತು. ಅಂದರೆ ನೂರಕ್ಕೆ ಹದಿನಾರು ಪಾಲು, ನಲವತ್ತೊಂದಲ್ಲ. ಓದಿದ ಹುಡುಗ ಅಕ್ಕಿ ಅಳೆಯುವ ಸೇರನ್ನು ಕಣ್ಣಿನಲ್ಲೂ ಕಂಡವನಲ್ಲ, ಅವಳೋ ಲೋಕದಲ್ಲಿ ಸೇರು ಗೊತ್ತಿಲ್ಲದವರಿದ್ದಾರೆ ಎಂದು ಕನಸಿನಲ್ಲೂ ಎಣಿಸಿದವಳಲ್ಲ. ಇಬ್ಬರ ಮಧ್ಯೆ ಎರಡು ವರ್ಷ ಬೂದಿ ಪಾಲಾಗಿತ್ತು.

ಬಸವಕುಮಾರ್ ಹಳೆಯ ದಾಖಲೆಯನ್ನು ಮತ್ತೆ ತಿರುವಿ ಹಾಕಿದ. ಮೂವತ್ತು ಪಾಲಿಗಿಂತ ಬೂದಿ ಕಮ್ಮಿಯಾದರೆ ಪ್ಲಾಸ್ಟಿಕ್ ಬಿಸಿಗೆ ಬಾಗುತ್ತದೆ ಎಂದು ಅದರಲ್ಲೇ ಬರೆದಿತ್ತು. ಅವರು ಆಗುವುದಿಲ್ಲ ಎಂದದ್ದನ್ನೇ ಶಿವರತ್ನಮ್ಮ ಹದಿನಾರೇ ಪಾಲಿನಲ್ಲಿ ಮಾಡಿದ್ದಳು! ಅವನು ಕುಣಿಯುವುದೊಂದು ಬಾಕಿ. ಮರುಕ್ಷಣ ಕೂತುಬಿಟ್ಟ. "ಆದರೆ ಒಂದು ಸಲ ಅರ್ಜಿ ಹಾಕಿದ ಮೇಲೆ ಹೊಸ ಸಂಗತಿ ಸೇರಿಸೋ ಹಾಗಿಲ್ಲ ಅಮ್ಮ. ತಪ್ಪು ತಿದ್ದಬಹುದು, ಆದರೆ ಸರಿ ಯಾವುದು ಅನ್ನೋದು ಆವತ್ತಿನ ಕಾಗದದಲ್ಲೇ ಇರಬೇಕು."

"ಚಿತ್ರ ಬರ್ಸಿದ್ನಲ್ಲಪ್ಪ" ಎಂದಳು ಅವಳು.

ಬಸವಕುಮಾರ್ ಅರ್ಜಿಯ ಎರಡನೇ ಚಿತ್ರ ತೆರೆದ, ಸೇರು ತೂಕವಲ್ಲ, ಅಳೆಯುವ ಪಾತ್ರೆ ಎಂಬುದಕ್ಕೆ ಸಾಕ್ಷಿ ಮೊದಲ ದಿನದ ಕಾಗದದಲ್ಲೇ ಇತ್ತು. ಆಮೇಲೆ ಬಗ್ಗಿ ಅವಳ ಕಾಲಿಗೆ ನಮಸ್ಕಾರ ಮಾಡಿಬಿಟ್ಟ.

ಉತ್ತರ ಕಳಿಸಿದ ಮೇಲೆ ವಿಚಾರಣೆಯ ದಿನ ಗೊತ್ತಾಯಿತು. ಚೆನ್ನೈಗೆ ಹೋಗಬೇಕಿರಲಿಲ್ಲ, ಕಂಪ್ಯೂಟರಿನಲ್ಲೇ ಮಾತು. ನಡುಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಸೇರು, ಬೂದಿಯ ಡಬ್ಬ, ತಕ್ಕಡಿ. ಶಿವರತ್ನಮ್ಮ ಮದುವೆಗೆ ಹೊರಟವಳಂತೆ ರೇಷ್ಮೆ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು ಕೂತಿದ್ದಳು.

ಪರದೆಯ ಮೇಲೆ ಬಂದ ಅಧಿಕಾರಿಗೆ ತಲೆ ಪೂರ್ತಿ ನರೆತಿತ್ತು. ಬಸವಕುಮಾರ್ ಇಂಗ್ಲಿಷಿನಲ್ಲಿ ಕಾಯಿದೆ, ಕಲಮು ಎಂದು ಇಪ್ಪತ್ತು ನಿಮಿಷ ಹೇಳಿದ. ಸೇರೆಂದರೆ ತೂಕ ಎಂದು ನೀವೇ ಲೆಕ್ಕ ಹಾಕಿ, ಈಗ ಅಲ್ಲ ಎಂದರೆ ಹೇಗೆ ಎಂದರು ಅಧಿಕಾರಿ. ಅವನು ಮತ್ತೆ ಮೊದಲಿನಿಂದ ಶುರು ಮಾಡಿದ. ಅಧಿಕಾರಿ ಹಣೆ ಉಜ್ಜಿಕೊಂಡು, ಪಕ್ಕದಲ್ಲಿದ್ದ ಯಾರಿಗೋ ಸಣ್ಣ ದನಿಯಲ್ಲಿ, "ಒಣ್ಣುಮೇ ಪುರಿಯಲೆ" ಎಂದರು. ಏನೂ ಅರ್ಥವಾಗುತ್ತಿಲ್ಲ ಎಂದು ತಮಿಳಿನ ಮಾತು.

ಕೊಳ್ಳೇಗಾಲದಲ್ಲಿ ಮೂವತ್ತು ವರ್ಷ ಬಾಳಿದವಳಿಗೆ ಅಷ್ಟು ತಮಿಳು ತಿಳಿಯದೆ? ಶಿವರತ್ನಮ್ಮ ಬಸವಕುಮಾರನನ್ನು ಮೊಣಕೈಯಲ್ಲಿ ಪಕ್ಕಕ್ಕೆ ತಳ್ಳಿ ಸೇರನ್ನು ಎತ್ತಿ ಹಿಡಿದಳು.

"ಎಡೈ ಇಲ್ಲೆ ಸಾರ್. ಪಡಿ! ಅರಿಸಿ ಅಳಕ್ಕಿರ ಪಡಿ!"

ತೂಕವಲ್ಲ, ಅಕ್ಕಿ ಅಳೆಯುವ ಪಡಿ. ಅಧಿಕಾರಿಯ ಮುಖ ಅರಳಿತು. "ಪಡಿಯಾ?" ಎಂದು ಕನ್ನಡಕ ಸರಿ ಮಾಡಿಕೊಂಡು ಮುಂದಕ್ಕೆ ಬಾಗಿದರು. ಅವರ ಅಜ್ಜಿಯ ಮನೆಯಲ್ಲೂ ಅಂಥದ್ದು ಇತ್ತಂತೆ. ಶಿವರತ್ನಮ್ಮ ಪಾತ್ರೆಯನ್ನು ಬೋರಲು ಹಾಕಿ ತಳದ ತಮಿಳು ಅಕ್ಷರ ತೋರಿಸಿದಳು, ಬೂದಿ ತುಂಬಿ ಅವರ ಕಣ್ಣೆದುರಿಗೇ ತೂಗಿದಳು. ಈ ಪಾತ್ರೆ ಮೂಲ ಅರ್ಜಿಯಲ್ಲಿದೆಯೇ ಎಂದು ಅವರು ಕೇಳಿದರು. ಎರಡನೇ ಚಿತ್ರ ಎಂದ ಬಸವಕುಮಾರ್. ಆ ಕಡೆ ಹಾಳೆ ಮಗುಚುವ ಸದ್ದು. ಲ್ಯಾಬಿನ ವರದಿಯನ್ನೂ ಓದಿಕೊಂಡು ಅಧಿಕಾರಿ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿ, ಶಿವರತ್ನಮ್ಮನಿಗೆ ಕೈ ಮುಗಿದು ಮರೆಯಾದರು.

"ಏನಂದ್ರಪ್ಪ?" ರುದ್ರಸ್ವಾಮಿ ಕೇಳಿದ.

"ಒಪ್ಪಿದರು. ಹದಿನೈದು ದಿನದಲ್ಲಿ ತಿದ್ದುಪಡಿ ಕಳಿಸಿ ಅಂದರು."

"ಪಡಿ ನಾವು ತೋರ್ಸಾಯ್ತು. ತಿದ್ದೋದು ನಿಂದು" ಎಂದಳು ಶಿವರತ್ನಮ್ಮ. ಮೂವರೂ ನಗುತ್ತ ನಗುತ್ತ ಸುಸ್ತಾದರು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋಗಿ ಮೂರು ಲೋಟ ಮಜ್ಜಿಗೆ ತಂದಳು. ಎಷ್ಟೋ ತಿಂಗಳ ಮೇಲೆ ಅವಳಿಗೆ ಆ ದಿನ ಹಸಿವಾಯಿತು.

ಮೊಹರಿನ ಕಾಗದ ಬಂದದ್ದು ಇನ್ನೂ ಮೂರು ತಿಂಗಳ ಮೇಲೆ. ರುದ್ರಸ್ವಾಮಿ ಅದನ್ನು ಪ್ರಿಂಟು ಹಾಕಿಸಿ ಲ್ಯಾಮಿನೇಷನ್ನಿಗೆ ಕೊಟ್ಟ. ಬಿಸಿ ಜಾಸ್ತಿಯಾಗಿ ಒಂದು ಮೂಲೆ ಸುರುಟಿಕೊಂಡಿತು. "ಇದ್ಕೂ ನಿನ್ನ ಬೂದಿ ಬೆರೆಸ್ಬೇಕಾಗಿತ್ತು" ಎಂದ. ಅವಳಿಗೆ ಹರಟೆಗೆ ಪುರುಸೊತ್ತಿರಲಿಲ್ಲ. ಕಾಗದವನ್ನು ಚೀಲದಲ್ಲಿಟ್ಟುಕೊಂಡು ಹನೂರಿನ ಬಸ್ಸು ಹತ್ತಿ ಕಾಮಗೆರೆಯಲ್ಲಿ ಇಳಿದಳು. ದಾರಿಯುದ್ದಕ್ಕೂ ಚಿಕ್ಕಬಸಮ್ಮನ ಮುಂದೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು.

ಮುತ್ತಯ್ಯನ ನೂಲಿನ ಮನೆಯೊಳಗೆ ಹಬೆ ತುಂಬಿತ್ತು. ಹಬೆಯ ಆಚೆ ಚಿಕ್ಕಬಸಮ್ಮ ಕೂತು ಗೂಡು ಎತ್ತುತ್ತಿದ್ದಳು. ಕೈಯಲ್ಲಿದ್ದದ್ದು ಬೂದಿ ಬಣ್ಣದ ಸೌಟು. ಪರೀಕ್ಷೆಗೆಂದು ಶಿವರತ್ನಮ್ಮ ಮೂರು ವರ್ಷದ ಹಿಂದೆ ಮುತ್ತಯ್ಯನಿಗೆ ಕೊಟ್ಟಿದ್ದದ್ದು. ಹಿಡಿಯ ಮೇಲೆ ಬೆರಳು ಕೂರುವ ಜಾಗ ಸವೆದು ನುಣ್ಣಗಾಗಿತ್ತು.

ಜೋಡಿಸಿಕೊಂಡಿದ್ದ ಮಾತೆಲ್ಲ ಬಿಟ್ಟು ಶಿವರತ್ನಮ್ಮ ಕಾಗದ ತೆಗೆದು ಮುಂದೆ ಹಿಡಿದಳು.

"ಏನಮ್ಮಾರೇ ಇದು?"

"ನೀನು ಕೇಳಿದ್ಯಲ್ಲ. ಸರ್ಕಾರದ ಮೊಹರು."

ಚಿಕ್ಕಬಸಮ್ಮನಿಗೆ ಮೊದಲು ನೆನಪಾಗಲಿಲ್ಲ. ನೆನಪಾದಾಗ ಸೌಟು ಕೆಳಗಿಟ್ಟು, ಸುಟ್ಟ ಕಲೆಯ ಬಲಗೈಯನ್ನು ಬಾಯಿಯ ಮೇಲಿಟ್ಟುಕೊಂಡಳು.

"ಅಯ್ಯೋ ನನ್ನವ್ವ! ಆವತ್ತು ಕೈ ಉರೀತಿತ್ತು, ಬಾಯಿಗೆ ಬಂದದ್ದಂದೆ. ಅದ್ಕೆ ಇಷ್ಟು ವರ್ಷ ಅಲೆದ್ರಾ? ಈ ಸೌಟ ತಂದ ದಿನಾನೇ ಇಡ್ದೆ ಕಣ್ರವ್ವ ನಾನು. ಒಂದು ಮಾತು ಕೇಳಿದ್ರೆ ಗಟ್ಟಿ ಅದೆ ಅಂತ ನಾನೇ ಏಳ್ತಿದ್ನಲ್ಲ!"