ಸ್ಕೋನ್ ಬೇಯುವಾಗ ಕೂಗಿದ ಸೈರನ್

ಓವನ್‌ನಲ್ಲಿ ಪುಟ್ಟ ಬನ್ನಿನಂಥ ಕಿತ್ತಳೆ ಸ್ಕೋನ್‌ಗಳು ಉಬ್ಬುತ್ತಿದ್ದವು. ಮೇಲೆ ಸುರಿಯಲು ಸಕ್ಕರೆ ಪುಡಿಗೆ ಕಿತ್ತಳೆ ರಸ ಕಲಸುತ್ತಿದ್ದೆ. ಅಷ್ಟರಲ್ಲಿ ಹತ್ತಿರದ ಏಲೂರಿನ ಕಡೆಯಿಂದ ರಾಸಾಯನಿಕ ಕಾರ್ಖಾನೆಯ ಸೈರನ್ ಕೂಗಿತು. ಕೊಚ್ಚಿಗೆ ಹೊಸಬಳಾದ ನಾನು ಏನೆಂದು ನೋಡಲು ಕಿಟಕಿ ತೆರೆದೆ. ನಾನು ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಪಕ್ಕದ ಮನೆಯವರು ಓಡಿಬಂದು, “ಮೋಳೇ, ಜನಲ್ ಅಡಯ್ಕ್! ಗ್ಯಾಸ್!” ಎಂದು, ಕಿಟಕಿ ಮುಚ್ಚು ಮಗಳೇ ಎಂದು ಮಲಯಾಳದಲ್ಲಿ ಗದರಿ, ತಾವೇ ಮುಚ್ಚಿದರು. ಉಳಿದ ಹಿಟ್ಟಿಗೆ ಹೊದಿಸಿದ್ದ ಒದ್ದೆ ಟವೆಲನ್ನು ನನ್ನ ಮೂಗಿಗೆ ಒತ್ತಿ ಹಿಡಿದರು. ಅದರ ಕಿತ್ತಳೆ ಘಮದಲ್ಲಿ ಗ್ಯಾಸ್ ಸೋರಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಸ್ಕೋನ್ ಸೀಯುತ್ತಿದ್ದರೂ ಇಬ್ಬರೂ ಅಲುಗಾಡಲಿಲ್ಲ.

ಅಪಾಯವಿಲ್ಲವೆಂಬ ಸೈರನ್ ಮೊಳಗಿದ ಮೇಲೆಯೇ ಚೇಚಿಯ ಮುಖ ನೋಡಿದೆ. ಅವರ ಮೂಗಿಗೆ ಏನೂ ಇರಲಿಲ್ಲ. “ನಿಮಗೆ?” ಎಂದೆ. “ಸಾರಮಿಲ್ಲ,” ಪರವಾಗಿಲ್ಲ ಬಿಡು, ಎಂದು ಕೈ ಅಲ್ಲಾಡಿಸಿ, ಸೀದ ಸ್ಕೋನ್ ಮುರಿದು ಬಾಯಿಗಿಟ್ಟುಕೊಂಡರು.

ಈಗ ತಿರುವನಂತಪುರದಲ್ಲಿದ್ದೇನೆ. ಇಲ್ಲಿ ಸೈರನ್ ಕೂಗುವುದಿಲ್ಲ. ಆದರೂ ಸ್ಕೋನ್ ಮಾಡುವಾಗ ಎರಡು ಟವೆಲ್ ಒದ್ದೆ ಮಾಡಿಟ್ಟುಕೊಳ್ಳುತ್ತೇನೆ.